ಸೀಸೆಯ ಮೇಲೆ ಬರೆಸಿದ ಹೆಸರು

ಬೇರೆಯವರ ಮನೆಯೊಳಗಿನ ಸಂಗತಿಯನ್ನು ಹೀಗೆ ಹೊರಗೆ ತಂದು ಹೇಳುವುದಕ್ಕೆ ಮೊದಲೇ ಕ್ಷಮೆ ಕೇಳಬೇಕು. ಹೇಳುತ್ತಿರುವವರು ಡಾಕ್ಟರಲ್ಲ, ರಕ್ತಪರೀಕ್ಷೆಯ ವಿದ್ಯೆ ಬಲ್ಲವರೂ ಅಲ್ಲ. ಕೇಳಿ ತಿಳಿದದ್ದನ್ನು ಎರಡೆರಡು ಸಲ ವಿಚಾರಿಸಿಕೊಂಡು ಬರೆದದ್ದು. ಆದರೂ ಎಲ್ಲಿಯಾದರೂ ತಪ್ಪಿದ್ದರೆ ಆ ತಪ್ಪನ್ನು ಅಪ್ಪಿಯ ತಲೆಗೆ ಕಟ್ಟಬಾರದು. ಅವಳ ಪಾಲಿನದು ಅವಳಿಗೆ ಬೇಕಾದಷ್ಟಿತ್ತು.

ಅಪ್ಪಿಯ ಮನೆ ಒಮಾನಿನ ಸೀಬ್‌ನಲ್ಲಿ, ಸೂಕ್ ಎನ್ನುವ ಹಳೆಯ ಪೇಟೆಯ ಹಿಂದಿನ ರಸ್ತೆಯ ಒಂದು ಫ್ಲ್ಯಾಟು. ಗಂಡ ಸೇಸಪ್ಪ ಸುವೈಕ್‌ನಲ್ಲಿ ಒಂದು ಕಂಪನಿಯ ಸ್ಟೋರ್‌ಕೀಪರ್. ಬುಧವಾರ ಸಂಜೆ ಬಂದರೆ ಶುಕ್ರವಾರ ಸಂಜೆ ಹೊರಡುವವ. ಮಗಳು ವಿನೋದಾ ಒಬ್ಬಳೇ, ಹದಿನಾರು ವರ್ಷ, ಇಂಡಿಯನ್ ಸ್ಕೂಲಿನಲ್ಲಿ ಹತ್ತನೆಯ ಕ್ಲಾಸು. ಇಸವಿ ಸಾವಿರದ ಒಂಬೈನೂರ ತೊಂಬತ್ತೆರಡು.

ಆ ಮನೆಯಲ್ಲಿ ಸಂಜೆ ದೇವರಿಗೆ ದೀಪ ಹಚ್ಚುವ ಕೆಲಸ ವಿನೋದಾಳದು. ತಿಂಗಳಿಗೆ ನಾಲ್ಕು ದಿನ ಮಾತ್ರ ಅವಳು ದೇವರ ಗೂಡಿನ ಹತ್ತಿರ ಬಾರದೆ, ಬೆಂಕಿಪೆಟ್ಟಿಗೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಹೋಗುವಳು. ಬಾಯಲ್ಲಿ ಹೇಳುವುದು ಬೇಡ, ಅಪ್ಪಿಗೆ ಗೊತ್ತಾಗುತ್ತಿತ್ತು. ಆ ನಾಲ್ಕು ದಿನ ದೀಪ ತಾಯಿಯದು. ಊರಿನಲ್ಲಿ ಅಪ್ಪಿಯ ತಾಯಿಯೂ ಹಾಗೆಯೇ ನಡೆಸಿದ್ದಳು. ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಫೆಬ್ರವರಿಯ ಒಂದು ಸಂಜೆ ದೋಸೆಯ ಹಿಟ್ಟು ರುಬ್ಬುತ್ತಿದ್ದಾಗ ಅಪ್ಪಿಗೆ ತಟ್ಟನೆ ನೆನಪಾಯಿತು: ತಾನು ದೀಪ ಹಚ್ಚದೆ ಎರಡು ತಿಂಗಳಾಗಿದೆ.

ಗ್ರೈಂಡರ್ ನಿಲ್ಲಿಸಿ ಚಾವಡಿಗೆ ಬಂದಳು. ವಿನೋದಾ ಗೂಡಿನ ಎದುರು ನಿಂತು ಬತ್ತಿ ಸರಿಮಾಡುತ್ತಿದ್ದಳು. ಅವಳ ಸ್ಕೂಲಿನ ಸ್ಕರ್ಟಿನ ಹುಕ್ಕು ಹಾಕಿರಲಿಲ್ಲ, ಸೇಫ್ಟಿಪಿನ್ನಿನಲ್ಲಿ ನಿಂತಿತ್ತು. ಹದಿನೈದು ದಿನಗಳಿಂದ ಹೊಟ್ಟೆ ಭಾರ, ಗ್ಯಾಸು ಎನ್ನುತ್ತಿದ್ದವಳಿಗೆ ಅಪ್ಪಿ ಓಮದ ನೀರು ಕುಡಿಸುತ್ತಾ ಬಂದಿದ್ದಳು. ಈಗ ಅದೆಲ್ಲ ಒಂದಕ್ಕೊಂದು ಸೇರಿಕೊಂಡಿತು.

ಮದುವೆಯಾಗದ ಹುಡುಗಿಯ ಹೆಸರಿನಲ್ಲಿ ಇಂಥ ಪರೀಕ್ಷೆ ಮಾಡಿಸಿದರೆ ಈ ದೇಶದಲ್ಲಿ ಪೊಲೀಸರಿಗೆ ಹೋಗುತ್ತದೆ, ಗಂಡನ ವೀಸಾ ಖಲಾಸ್ ಆಗುತ್ತದೆ ಎಂದು ಹೆಂಗಸರು ಮಾತಾಡಿಕೊಳ್ಳುವುದಿತ್ತು. ಅದು ನಿಜವೋ ಸುಳ್ಳೋ ಅಪ್ಪಿ ಯಾರನ್ನೂ ವಿಚಾರಿಸಲಿಲ್ಲ. ವಿಚಾರಿಸಿದರೆ, ನಿನಗೆ ಯಾಕೆ ಅದು ಎಂಬ ಪ್ರಶ್ನೆ ಬರುತ್ತದೆ. ಮರುದಿನ ಬೆಳಿಗ್ಗೆ ಉರಿಮೂತ್ರ ಇರಬಹುದು, ತೋರಿಸಿಕೊಂಡು ಬರುತ್ತೇನೆ ಎಂದು ಮಗಳಿಗೆ ಸುಳ್ಳು ಹೇಳಿ, ತೊಳೆದ ಜಾಮಿನ ಸೀಸೆಯಲ್ಲಿ ಅವಳ ಮೂತ್ರ ತೆಗೆದುಕೊಂಡು, ಮುಖ್ಯರಸ್ತೆಯ ಖಾಸಗಿ ಕ್ಲಿನಿಕ್ಕಿಗೆ ಹೋದಳು. ಕೌಂಟರಿನಲ್ಲಿ ಹೆಸರು ಕೇಳಿದರು. ಅಪ್ಪಿ ಗಂಡನ ಕಂಪನಿಯಿಂದ ಸಿಕ್ಕಿದ್ದ ತನ್ನ ಕಾರ್ಡು ಕೊಟ್ಟು ತನ್ನ ಹೆಸರನ್ನೇ ಹೇಳಿದಳು. ಯಾವ ಪರೀಕ್ಷೆ ಎಂದು ಕೇಳಿದರು. ಅದನ್ನೂ ಹೇಳಿದಳು. ಸೀಸೆಯ ಮೇಲೆ ಚೀಟಿ ಅಂಟಿತು.

ಅಲ್ಲಿನ ಲ್ಯಾಬಿನಲ್ಲಿದ್ದವಳು ಬಂಟ್ವಾಳದ ಕ್ಲೆಮೆಂಟಿನಾ. ಐವತ್ತು ದಾಟಿದ, ಕನ್ನಡಕವನ್ನು ಹಣೆಯ ಮೇಲಿಟ್ಟು ಹುಡುಕುವ ಹೆಂಗಸು. ಊರಿನಲ್ಲಿ ಕ್ರಿಸ್ತಿಯನ್ ಹೆಂಗಸರನ್ನು ಕರೆಯುವ ಹಾಗೆ, ತುಳು ಮಾತಾಡುವವರೆಲ್ಲ ಅವಳನ್ನು ಬಾಯಿ ಎಂದೇ ಕರೆಯುತ್ತಿದ್ದರು. ಅರ್ಧ ಗಂಟೆಯಲ್ಲಿ ಅವಳು ನಗುತ್ತಾ ಹೊರಗೆ ಬಂದಳು.

“ಹದಿನಾರು ವರ್ಷದ ಮೇಲೆ ಎರಡನೆಯದಾ ಅಪ್ಪಿಯಕ್ಕ? ಸೇಸಪ್ಪಣ್ಣ ಸುವೈಕ್‌ನಲ್ಲಿ ಖರ್ಜೂರ ಸ್ವಲ್ಪ ಜಾಸ್ತಿ ತಿಂತಾರೆ ಅಂತ ಕಾಣ್ತದೆ.”

ಅಪ್ಪಿ ನಕ್ಕಳು. ಹೇಗೆ ನಕ್ಕಳು ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ. ನಕ್ಕದ್ದು ಮಾತ್ರ ನಿಜ.

ಮನೆಗೆ ಬಂದವಳು ಮಗಳು ಬಸ್ಸಿಳಿದು ಬರುವ ತನಕ ಒಲೆ ಹಚ್ಚಲಿಲ್ಲ. ಸ್ಕೂಲ್ ಬಸ್ಸಿನ ಡ್ರೈವರ್ ಸಲಾಂನಿಂದ ಹಿಡಿದು ಲೆಕ್ಕದ ಟ್ಯೂಷನ್ ಮೇಷ್ಟ್ರ ತನಕ, ಆ ಮನೆಗೆ ಕಾಲಿಟ್ಟ, ಇಡದ ಗಂಡಸರನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿದಳು. ಹುಡುಗಿ ಚೀಲ ಇಳಿಸುವ ಮೊದಲೇ ಯಾರು ಎಂದು ಕೇಳಿದಳು. ವಿನೋದಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಅವಳು ಇಂಗ್ಲಿಷಿನಲ್ಲಿ ಆಣೆ ಹಾಕಿದಳು, ತುಳುವಿನಲ್ಲಿ ಹಾಕಿದಳು, ದೇವರ ಗೂಡು ಮುಟ್ಟಿ ಹಾಕಿದಳು. ಗೂಡು ಮುಟ್ಟಿದ್ದು ಅಪ್ಪಿಯನ್ನು ಇನ್ನಷ್ಟು ಕೆರಳಿಸಿತು. ಕೆನ್ನೆಗೆ ಹೊಡೆದಳು. ಹುಡುಗಿ ತೋಳು ಹಿಡಿಯಲು ಬಂದಾಗ ದೂಡಿದಳು. ವಿನೋದಾ ಹಿಂದಕ್ಕೆ ಹೋಗಿ ಹೊಲಿಗೆಯಂತ್ರದ ಮೇಜಿನ ಮೂಲೆಗೆ ಹೊಟ್ಟೆಯ ಬದಿ ತಾಗಿಸಿಕೊಂಡು ಅಲ್ಲೇ ಕುಸಿದು ಕೂತಳು. ಆಮೇಲೆ ಸಣ್ಣ ಸ್ವರದಲ್ಲಿ ಅಂದಳು:

“ಅಮ್ಮಾ, ಹೊಟ್ಟೆನೋವು ನಿಜ. ಬೇರೆ ಯಾವುದೂ ನಿಜ ಅಲ್ಲ.”

ಅಪ್ಪಿಯ ಬಳಿ ಪರೀಕ್ಷೆಯ ಕಾಗದವಿತ್ತು. ಮಗಳ ಬಳಿ ಬರೀ ಮಾತಿತ್ತು.

ಎರಡು ದಿನ ಅಳುವುದರಲ್ಲಿ ಹೋಯಿತು. ಮೂರನೆಯ ದಿನ ಅಪ್ಪಿಗೆ ದಾರಿ ಕಂಡಿತು. ಕಾಗದದಲ್ಲಿ ಇರುವುದು ತನ್ನ ಹೆಸರೇ. ಹಾಗಾದರೆ ಬಸುರಿ ತಾನೇ ಆಗಿಬಿಟ್ಟರಾಯಿತು. ಹತ್ತನೆಯ ಕ್ಲಾಸಿನ ಪರೀಕ್ಷೆ ಮುಗಿದ ಕೂಡಲೆ ಹೆರಿಗೆಯ ನೆವದಲ್ಲಿ ಮಗಳನ್ನೂ ಕರೆದುಕೊಂಡು ಮೂಡಬಿದಿರೆಯ ಅಕ್ಕನ ಮನೆಗೆ ಹೋಗುವುದು. ಬರುವಾಗ ಮಗುವನ್ನು ತನ್ನದೆಂದು ಎತ್ತಿಕೊಂಡು ಬರುವುದು. ಅಕ್ಕ ಒಬ್ಬಳಿಗೆ ಹೇಳಿದರೆ ಸಾಕು. ಆ ಯೋಚನೆ ಬಂದ ಮೇಲೆ ಅಪ್ಪಿಗೆ ಊಟ ಸೇರಿತು. ಮಗಳಿಗೂ ವಿವರಿಸಿದಳು, ಒಂದು ಉಪಕಾರ ಮಾಡುವವಳ ಹಾಗೆ. ವಿನೋದಾ ಗೋಡೆಯ ಕಡೆ ತಿರುಗಿ ಮಲಗಿದಳು. ಅಂದಿನಿಂದ ಅವಳು ತಾಯಿಯ ಹತ್ತಿರ ನೋವಿನ ಸುದ್ದಿ ಎತ್ತಲಿಲ್ಲ. ದೀಪ ಹಚ್ಚುವುದನ್ನೂ ನಿಲ್ಲಿಸಿದಳು. ಅಪ್ಪಿ ದಿನಾ ತಾನೇ ಹಚ್ಚಿದಳು.

ಆದರೆ ಖರ್ಚು ಕಂಪನಿಯದಾದ್ದರಿಂದ ಕ್ಲಿನಿಕ್ಕಿನ ಕಾಗದದ ಒಂದು ಪ್ರತಿ ಸೇಸಪ್ಪನ ಕಂಪನಿಗೆ ಹೋಗುವ ಕ್ರಮವಿತ್ತು. ಅಪ್ಪಿ ಅದನ್ನು ಮರೆತಿದ್ದಳು. ಆಫೀಸಿನ ಗುಮಾಸ್ತ ನೊರ್ಬರ್ಟ್ ಅದನ್ನು ನೋಡಿ ಸುವೈಕ್‌ಗೆ ಫೋನು ಮಾಡಿ, ಪಾರ್ಟಿ ಯಾವಾಗ ಎಂದು ಕೇಳಿದ್ದ. ಆ ಬುಧವಾರ ಸೇಸಪ್ಪ ಒಂದು ದೊಡ್ಡ ಬಟ್ಟಲು ಒಮಾನಿ ಹಲ್ವಾ ಹಿಡಿದುಕೊಂಡು ಬಂದ. ಮಗಳ ಎದುರು ನಾಚಿಕೊಂಡು ಹೆಂಡತಿಯನ್ನು ಅಡುಗೆಮನೆಗೆ ಕರೆದು, ಗಂಡಾದರೆ ತನ್ನ ಅಪ್ಪನ ಹೆಸರು ತುಕ್ರ ಅಂತಲೇ ಇಡುವುದು, ಈಗಿನವರು ನಗಾಡಿದರೆ ನಗಾಡಲಿ ಎಂದ. ಅಪ್ಪಿ ಹೂಂ ಎಂದಳು. ಹಲ್ವಾದ ತುಂಡೊಂದನ್ನು ಅವನು ಮಗಳ ಬಾಯಿಗೂ ಇಟ್ಟ. ಅವಳು ಬಚ್ಚಲಿಗೆ ಹೋಗಿ ಕಾರಿದಳು. ಅಪ್ಪಿಗೆ ಅದೂ ಒಂದು ಸಾಕ್ಷಿಯಾಗಿ ಕಂಡಿತು.

ಒಂದು ತಿಂಗಳು ಹೀಗೆ ಉರುಳಿತು. ವಿನೋದಾ ಪರೀಕ್ಷೆ ಬರೆದಳು, ಕೊನೆಯ ಎರಡು ಪೇಪರುಗಳನ್ನು ಹೊಟ್ಟೆ ಹಿಡಿದುಕೊಂಡೇ. ಅವಳ ಮುಖ ಸಣ್ಣಗಾಗಿ ಹೊಟ್ಟೆ ಮುಂದೆ ಬಂತು. ಅಪ್ಪಿ ದಿನಗಳನ್ನು ಎಣಿಸುತ್ತಾ, ಇದೇನು ಇಷ್ಟು ಬೇಗ ಬೆಳೆಯುತ್ತದೆ, ಅವಳು ಹೇಳಿದ್ದಕ್ಕಿಂತ ಹಿಂದಿನ ಸಂಗತಿಯೇ ಇರಬೇಕು ಎಂದುಕೊಂಡಳು. ಅವಳು ಏನೂ ಹೇಳಿರಲಿಲ್ಲ ಎಂಬುದು ಅಪ್ಪಿಗೆ ಆಗ ಹೊಳೆಯಲಿಲ್ಲ.

ಮುಂದಿನ ಗುರುವಾರ ಸೇಸಪ್ಪ ಹಟ ಹಿಡಿದ. ಮೂವತ್ತೆಂಟು ವರ್ಷಕ್ಕೆ ಬಸುರಿಯಾದವಳು ಡಾಕ್ಟರಿಗೆ ತೋರಿಸದೆ ಇರುವುದುಂಟಾ, ಪ್ರಯಾಣಕ್ಕೆ ಮೊದಲು ಸ್ಕ್ಯಾನ್ ಆಗಲೇಬೇಕು ಎಂದು ತಾನೇ ಟ್ಯಾಕ್ಸಿ ತಂದ. ಅಪ್ಪಿ ನೆವಗಳನ್ನೆಲ್ಲ ಹೇಳಿ ಮುಗಿಸಿದಳು. ಕೊನೆಗೆ, ಮಿಷನ್ನಿಗೆ ಏನು ಗೊತ್ತಾಗುತ್ತದೆ ಎಂಬ ಧೈರ್ಯದಲ್ಲಿ ಅದೇ ಕ್ಲಿನಿಕ್ಕಿಗೆ ಹೋಗಿ ಮಲಗಿದಳು.

ಡಾಕ್ಟರಮ್ಮ ಮಲಯಾಳಿ, ಮಾತು ಕಡಿಮೆ. ಹೊಟ್ಟೆಯ ಮೇಲೆ ಸ್ಕ್ಯಾನಿನ ಹಿಡಿಯನ್ನು ಒತ್ತಿ, ಸರಿಸಿ, ಮತ್ತೆ ಒತ್ತಿ ನೋಡಿದರು. ಗರ್ಭಕೋಶ ಖಾಲಿ ಇದೆ ಎಂದರು. ಮೂತ್ರದಲ್ಲಿ ಬಸುರು, ಒಳಗೆ ಇಲ್ಲ ಎಂದರೆ ಅದು ಗರ್ಭನಾಳದಲ್ಲಿ ನಿಂತಿರಬಹುದು, ನಾಳ ಒಡೆದರೆ ಜೀವಕ್ಕೇ ಅಪಾಯ ಎಂದು ಸೇಸಪ್ಪನಿಗೆ ಹಿಂದಿಯಲ್ಲಿ ತಿಳಿಸಿ, ಕೂಡಲೆ ರಕ್ತ ತೆಗೆಸಿದರು. ಬಸುರಿನ ಅಂಶ ಎಷ್ಟಿದೆ ಎಂದು ರಕ್ತದಲ್ಲಿ ಅಳೆಯುವ ಯಂತ್ರ ಆ ಕ್ಲಿನಿಕ್ಕಿನಲ್ಲಿ ಇರಲಿಲ್ಲ. ರಕ್ತ ಮಸ್ಕತ್ತಿಗೆ ಹೋಗಬೇಕು. ಶುಕ್ರವಾರ ರಜೆ. ಆ ಎರಡು ದಿನ ಸೇಸಪ್ಪ ಹೆಂಡತಿಯನ್ನು ಮಂಚದಿಂದ ಇಳಿಯಗೊಡಲಿಲ್ಲ. ಅವಳು ಕೆಮ್ಮಿದರೆ ಓಡಿಬಂದ. ಗೋಡೆಯ ಆಚೆಯ ಕೋಣೆಯಲ್ಲಿ ವಿನೋದಾ ಸೊಂಟ ಮಡಚಿ ಮಲಗಿದ್ದಳು. ಅವಳನ್ನು ನೋಡಲು ಯಾರೂ ಹೋಗಲಿಲ್ಲ.

ಶನಿವಾರ ಮಧ್ಯಾಹ್ನ, ಸೇಸಪ್ಪ ಟಿಕೆಟಿನ ಕೆಲಸಕ್ಕೆ ಹೊರಗೆ ಹೋಗಿದ್ದಾಗ, ಕ್ಲೆಮೆಂಟಿನಾ ತಾನೇ ಬಾಗಿಲಿಗೆ ಬಂದಳು. ಅವಳ ಮುಖದಲ್ಲಿ ನಗು ಇರಲಿಲ್ಲ. ನೀರು ಬೇಡ ಎಂದಳು, ಕೂರುವುದೂ ಬೇಡ ಎಂದಳು.

“ಅಪ್ಪಿಯಕ್ಕ, ಈ ರಕ್ತ ನಿಮ್ಮದು. ಸೂಜಿ ಹಾಕಿದ್ದು ನಾನೇ. ಇದರಲ್ಲಿ ಬಸುರಿನ ಅಂಶ ಎಳ್ಳಷ್ಟೂ ಇಲ್ಲ. ಇದ್ದು ಹೋದ ಗುರುತೂ ಇಲ್ಲ. ಹಾಗಾದರೆ ಅವತ್ತಿನ ಸೀಸೆ ಯಾರದು?”

ಅಪ್ಪಿ ಸೆರಗಿನ ತುದಿಯನ್ನು ಬಾಯಿಗೆ ಇಟ್ಟುಕೊಂಡಳು. ಕ್ಲೆಮೆಂಟಿನಾ ಇನ್ನೊಂದು ಸಲ ಕೇಳಲಿಲ್ಲ. ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿ, ಚಪ್ಪಲಿ ಕಳಚಿ ನೇರ ಅಲ್ಲಿಗೆ ಹೋದಳು. ಮಂಚದ ಅಂಚಿಗೆ ಕೂತು ಹುಡುಗಿಯ ಹೊಟ್ಟೆಯ ಮೇಲೆ ಕೈ ಇಟ್ಟಳು. ಕೈ ಒಂದು ಕಡೆ ನಿಂತುಬಿಟ್ಟಿತು. ಹೊಕ್ಕುಳಿನ ಕೆಳಗೆ, ಬಲಕ್ಕೆ ಸರಿದು, ತೆಂಗಿನಕಾಯಿಯಷ್ಟು ದೊಡ್ಡದು, ಗಟ್ಟಿ. ಯಾರಾದರೂ ನಿನ್ನನ್ನು ಮುಟ್ಟಿದ್ದಾರಾ ಎಂದು ಹುಡುಗಿಯನ್ನು ನೇರವಾಗಿ ಕೇಳಿದಳು. ಇಲ್ಲ ಎಂದಳು ವಿನೋದಾ.

“ಆಯ್ತು. ನಾನು ನಂಬ್ತೇನೆ,” ಎಂದಳು ಕ್ಲೆಮೆಂಟಿನಾ.

ಐದು ವಾರಗಳಲ್ಲಿ ಆ ಮಾತನ್ನು ಅವಳಿಗೆ ಹೇಳಿದವರು ಅದೇ ಮೊದಲು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪಿ ಬಾಗಿಲಲ್ಲೇ ನಿಂತಿದ್ದಳು. ಕ್ಲೆಮೆಂಟಿನಾ ಹೊರಗೆ ಬಂದು ಸ್ವರ ತಗ್ಗಿಸಿ ಹೇಳಿದಳು: “ನೀವು ತಿಂಗಳ ಲೆಕ್ಕ ಹಿಡಿದವರು, ಇದನ್ನು ನೋಡ್ಲಿಲ್ವಾ? ಮೂರು ತಿಂಗಳಿಗೆ ಹೊಟ್ಟೆ ಹೀಗೆ ಒಂದೇ ಬದಿಗೆ, ಕಲ್ಲಿನ ಹಾಗೆ ಬರ್ತದಾ ಅಕ್ಕ? ನೀವೂ ಒಂದು ಹೆತ್ತವರಲ್ವಾ?”

ಆ ದಿನವೇ ವಿನೋದಾಳ ರಕ್ತ ತೆಗೆದರು. ಈ ಸಲ ಕೊಳವೆಯ ಮೇಲೆ ಅವಳದೇ ಹೆಸರು. ಡಾಕ್ಟರಮ್ಮ ಸ್ಕ್ಯಾನ್ ಮಾಡಿ, ಚೀಟಿಯಲ್ಲಿ ಮೂರು ಪರೀಕ್ಷೆ ಬರೆದು, ಅರ್ಜೆಂಟ್ ಎಂದು ಕೆಳಗೆ ಗೆರೆ ಎಳೆದರು. ಸೇಸಪ್ಪನಿಗೆ ಅಪ್ಪಿ, ವಿನೂಗೆ ಹೊಟ್ಟೆನೋವು, ನನಗೆ ಏನೂ ಇಲ್ಲ ಎಂದಷ್ಟೇ ಹೇಳಿದಳು. ಅವನಿಗೆ ಯಾವುದೂ ತಲೆಗೆ ಹೋಗದೆ ಎರಡು ದಿನ ರಜೆ ಹೆಚ್ಚಿಸಿಕೊಂಡ.

ಸೋಮವಾರ ರಿಪೋರ್ಟು ಬಂತು. ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕ್ಲೆಮೆಂಟಿನಾ ನಿಂತುಕೊಂಡು ಬಿಡಿಸಿ ಹೇಳಿದಳು. ವಿನೋದಾಳ ರಕ್ತದಲ್ಲಿ ಬಸುರಿನ ಅಂಶ ಇದೆ, ಅದಕ್ಕೇ ಅವತ್ತಿನ ಸೀಸೆ ಹಾಗೆ ತೋರಿಸಿದ್ದು. ಆದರೆ ಅದರ ಜೊತೆ ಇನ್ನೊಂದು ಇದೆ, ಎಎಫ್‌ಪಿ ಎನ್ನುತ್ತಾರೆ. ಹೊಟ್ಟೆಯೊಳಗಿನ ಕೂಸಿನ ಮೈಯಲ್ಲಿ ಹುಟ್ಟುವ ವಸ್ತು. ಬೆಳೆದವರ ರಕ್ತದಲ್ಲಿ ಹತ್ತರ ಒಳಗೆ ಇರಬೇಕು. ಬಸುರಿಯರಲ್ಲಿ ಏರುತ್ತದೆ, ಆದರೆ ತುಂಬಿದ ಬಸುರಿನಲ್ಲೂ ಕೆಲವು ನೂರು ದಾಟುವುದು ಅಪರೂಪ. ಇವಳದು ಎಂಟು ಸಾವಿರದ ಆರುನೂರು. ಮೂರನೆಯ ಪರೀಕ್ಷೆಯ ಅಂಕಿಯೂ ಇರಬೇಕಾದ್ದಕ್ಕಿಂತ ಮೇಲೆಯೇ ಇದೆ. ಗರ್ಭಕೋಶ ಖಾಲಿ, ಅಂಡಾಶಯದಲ್ಲಿ ಗಡ್ಡೆ. ಇಂಥದು ಬರುವುದು ಇಂಥ ಎಳೆಯ ಹುಡುಗಿಯರಿಗೇ.

“ಇದು ಬಸುರಲ್ಲ ಅಕ್ಕ. ಗಡ್ಡೆ. ಕೆಟ್ಟ ಜಾತಿಯದು.”

ಅಪ್ಪಿಯ ಕಿವಿಗೆ ಮೊದಲ ಮಾತು ಮಾತ್ರ ಬಿತ್ತು. ಅವಳು ಎರಡೂ ಕೈ ಎತ್ತಿ ಮುಗಿದಳು. ದೇವರು ಕಾಪಾಡಿದ, ನನ್ನ ಮಗಳು ಏನೂ ಮಾಡಿಲ್ಲ ಎಂದಳು. ಮುಖ ಅರಳಿತು, ಕಣ್ಣಲ್ಲಿ ನೀರು ತುಂಬಿ ನಗು ಬಂತು. ಐದು ವಾರಗಳಿಂದ ಎದೆಯ ಮೇಲೆ ಕೂತದ್ದು ಇಳಿದುಹೋದ ನಗು ಅದು. ಆ ಕೋಣೆಯಲ್ಲಿ ಬೇರೆ ಯಾರೂ ನಗುತ್ತಿಲ್ಲ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಿರುಗಿ ನೋಡಿದರೆ ವಿನೋದಾ ಪರದೆಯ ಹತ್ತಿರ ನಿಂತಿದ್ದಾಳೆ, ಸೇಫ್ಟಿಪಿನ್ನು ಕೈಯಲ್ಲಿ ಹಿಡಿದುಕೊಂಡು, ತಾಯಿಯ ಮುಖವನ್ನೇ ನೋಡುತ್ತಾ.

ಸೇಸಪ್ಪನಿಗೆ ಎಲ್ಲವನ್ನೂ ಒಟ್ಟಿಗೆ ಹೇಳಬೇಕಾಯಿತು. ಬರಲಿದ್ದ ಮಗು ಇಲ್ಲ, ಇರುವ ಮಗಳಿಗೆ ಹೀಗೆ, ಸೀಸೆಯ ಕತೆ ಹೀಗೆ. ಅವನು ಬೈಯಲಿಲ್ಲ, ಕೈ ಎತ್ತಲಿಲ್ಲ. ಫ್ರಿಜ್ಜಿನಲ್ಲಿ ಉಳಿದಿದ್ದ ಹಲ್ವಾದ ಬಟ್ಟಲನ್ನು ಹೊರಗೆ ತೆಗೆದು ಕಸದ ಡಬ್ಬಕ್ಕೆ ಹಾಕಿ ಬಂದು ಕೂತ.

“ನನಗೆ ಒಂದು ಮಾತು ಹೇಳ್ಲಿಕ್ಕೆ ಆಗಲಿಲ್ವಾ ನಿನಗೆ?” ಎಂದ. ಹೇಳಿದ್ದರೆ ಅವನೂ ಕಾಗದವನ್ನೇ ನಂಬುತ್ತಿದ್ದ ಎಂದು ಅಪ್ಪಿಗೆ ಒಳಗೊಳಗೆ ಅನಿಸಿತು, ಆದರೆ ಅದನ್ನು ಹೇಳುವ ಯೋಗ್ಯತೆ ತನಗಿಲ್ಲ ಎಂದೂ ಅನಿಸಿತು.

ಮಸ್ಕತ್ತಿನ ದೊಡ್ಡ ಆಸ್ಪತ್ರೆಯಲ್ಲಿ ಅದೇ ವಾರ ಆಪರೇಷನ್ ಆಯಿತು. ಬಲಗಡೆಯ ಅಂಡಾಶಯದ ಜೊತೆ ಗಡ್ಡೆ ತೆಗೆದರು, ಎಡಗಡೆಯದನ್ನು ಉಳಿಸಿದರು. ಹೊರಗೆ ಬಂದ ಸರ್ಜನ್ ಸೇಸಪ್ಪನಿಗೆ ಹೇಳಿದ್ದರಲ್ಲಿ ಒಂದು ಮಾತನ್ನು ಅವನು ಅಪ್ಪಿಗೆ ಹಾಗೆಯೇ ತಲುಪಿಸಿದ: ಗಡ್ಡೆ ಒಂದು ಬದಿಯಲ್ಲಿ ಹರಿದಿತ್ತಂತೆ, ಹೊಟ್ಟೆಯೊಳಗೆ ಸ್ವಲ್ಪ ಸೋರಿತ್ತಂತೆ, ಸೋರಿ ಕೆಲವು ದಿನವೇ ಆಗಿರಬಹುದಂತೆ. ಅಪ್ಪಿ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದವಳು ಹಾಗೆಯೇ ಮುಂದಕ್ಕೆ ಬಾಗಿ ಮೊಣಕಾಲಿಗೆ ಹಣೆ ಊರಿದಳು. ಅವಳ ಕಣ್ಣೆದುರು ಹೊಲಿಗೆಯಂತ್ರದ ಮೇಜಿನ ಮೂಲೆ ಇತ್ತು.

ಅಲ್ಲಿಂದ ಮುಂದೆ ಆ ಮನೆಯ ಜೀವ ಒಂದು ಅಂಕಿಯ ಮೇಲೆ ನಿಂತಿತು. ಗಡ್ಡೆ ಪೂರ್ತಿ ಹೋಗಿದ್ದರೆ ಎಎಫ್‌ಪಿ ಐದಾರು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಬರಬೇಕು. ಇಳಿಯುವುದು ನಿಂತರೆ ಒಳಗೆ ಎಲ್ಲೋ ಇನ್ನೂ ಉಂಟು ಎಂದರ್ಥ. ವಾರಕ್ಕೊಮ್ಮೆ ಕ್ಲೆಮೆಂಟಿನಾ ರಕ್ತ ತೆಗೆಯುವಳು, ವ್ಯಾನು ಮಸ್ಕತ್ತಿಗೆ ಒಯ್ಯುವುದು, ಎರಡು ದಿನ ಬಿಟ್ಟು ಅವಳು ಫೋನು ಮಾಡುವಳು. ನಾಲ್ಕು ಸಾವಿರದ ಮುನ್ನೂರು. ಎರಡು ಸಾವಿರದ ಇನ್ನೂರು. ಆ ವಾರ ಅಪ್ಪಿ ಪಾಯಸ ಮಾಡಿದಳು, ಯಾರೂ ಮುಟ್ಟಲಿಲ್ಲ. ಅದರ ಮುಂದಿನ ವಾರ, ಎರಡು ಸಾವಿರದ ನೂರು.

“ನಿಂತಿತಾ ಬಾಯಿ?” ಎಂದು ಅಪ್ಪಿ ಫೋನಿನಲ್ಲಿ ಕೇಳಿದಳು.

ಕ್ಲೆಮೆಂಟಿನಾ ಸುಳ್ಳು ಹೇಳುವವಳಲ್ಲ. “ನಿಂತಿತು,” ಎಂದಳು.

ಉಳಿದ ಗಡ್ಡೆಯನ್ನು ಕೊಲ್ಲುವ ಬಾಟಲಿಯ ಔಷಧವನ್ನು ನರಕ್ಕೆ ಹಾಕಲು ಸುರುಮಾಡಿದರು. ವಿನೋದಾಳ ಕೂದಲು ದಿಂಬಿನ ಮೇಲೆ ಉಳಿಯಿತು. ಅವಳು ತಾಯಿಯ ಜೊತೆ ಮಾತಾಡುತ್ತಿದ್ದಳು, ನೀರು ಬೇಕು, ಫ್ಯಾನು ನಿಲ್ಲಿಸು, ಅಷ್ಟೇ. ಬೈದಿದ್ದರೆ ಅಪ್ಪಿಗೆ ಸಮಾಧಾನವಾಗುತ್ತಿತ್ತು. ಒಂದು ದಿನ ರಕ್ತ ಕೊಡಲು ಹೋದಾಗ, ಮಗಳು ಒಳಗಿದ್ದಾಳೆಂದು ತಿಳಿದು, ಅಪ್ಪಿ ಲ್ಯಾಬಿನ ಹೊರಗೆ ಕ್ಲೆಮೆಂಟಿನಾಳ ಕೈ ಹಿಡಿದುಕೊಂಡಳು.

“ಬಾಯಿ, ಅವತ್ತು ಸೀಸೆಯಲ್ಲಿ ಅವಳ ಹೆಸರು ಬರೆಸಿದ್ದರೆ, ನೀವು ಅವತ್ತೇ ಕಂಡುಹಿಡಿಯುತ್ತಿದ್ದಿರಾ?”

ಕ್ಲೆಮೆಂಟಿನಾ ಕನ್ನಡಕ ತೆಗೆದು ಒರೆಸಿದಳು. ಹದಿನಾರು ವರ್ಷದ ಹುಡುಗಿಯ ಹೆಸರು ನೋಡಿದ್ದರೆ ಡಾಕ್ಟರಮ್ಮ ಅವಳ ಹೊಟ್ಟೆ ಮುಟ್ಟಿಯಾದರೂ ನೋಡುತ್ತಿದ್ದರೇನೋ, ಅಥವಾ ಎಲ್ಲರ ಹಾಗೆ ತಾವೂ ತಪ್ಪು ತಿಳಿಯುತ್ತಿದ್ದರೇನೋ, ತಾನು ನಗುತ್ತಾ ಬಂದು ಹೇಳಿದ್ದೂ ಒಂದು ತಪ್ಪೇ ಎಂದಳು. ಮೇಜಿನ ಮೂಲೆಯ ವಿಷಯವನ್ನೂ ಅಪ್ಪಿ ಅಂದು ಮೊದಲ ಬಾರಿ ಬಾಯಿಬಿಟ್ಟಳು. ಗಡ್ಡೆ ತಾನಾಗಿಯೂ ಹರಿಯುವುದುಂಟು ಅಕ್ಕ ಎಂದಳು ಕ್ಲೆಮೆಂಟಿನಾ. ಹಾಗಾದರೆ ತಾನು ದೂಡಿದ್ದರಿಂದ ಅಲ್ಲವಾ ಎಂದು ಅಪ್ಪಿ ಕೇಳಿದಳು. ಕ್ಲೆಮೆಂಟಿನಾ ಕನ್ನಡಕ ಹಾಕಿಕೊಂಡು ಲ್ಯಾಬಿನ ಒಳಗೆ ಹೋದಳು.

ಒಳಗೆ ವಿನೋದಾ ತೋಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದಳು. ಬಾಗಿಲು ಅರ್ಧ ತೆರೆದಿತ್ತು. ಅವಳು ಕೇಳಿಸಿಕೊಂಡಳೋ ಇಲ್ಲವೋ, ಮುಖದಿಂದ ತಿಳಿಯಲಿಲ್ಲ. ಕ್ಲೆಮೆಂಟಿನಾ ಚೀಟಿ ಬರೆಯಲು ಪೆನ್ನು ಎತ್ತಿದಾಗ ಹುಡುಗಿ ಕೈ ಚಾಚಿ ಪೆನ್ನನ್ನು ತಾನು ತೆಗೆದುಕೊಂಡಳು. ಆಗಷ್ಟೇ ತೆಗೆದ ರಕ್ತದಿಂದ ಬಿಸಿಯಾಗಿದ್ದ ಕೊಳವೆಯ ಚೀಟಿಯ ಮೇಲೆ ತನ್ನ ಹೆಸರನ್ನು ತಾನೇ ನಿಧಾನವಾಗಿ ಬರೆದು, ಒಮ್ಮೆ ಓದಿಕೊಂಡು, ಸ್ಟ್ಯಾಂಡಿನಲ್ಲಿ ಇಟ್ಟಳು. ಅಪ್ಪಿ ಬಾಗಿಲಲ್ಲಿ ನಿಂತು ನೋಡಿದಳು.

ಅವರು ಎರಡೇ ದಿನದಲ್ಲಿ ಊರಿಗೆ ಹೊರಟರು. ಉಳಿದ ಔಷಧವನ್ನು ಅಲ್ಲಿನ ಆಸ್ಪತ್ರೆಯಲ್ಲಿ ಹಾಕಿಸುವುದು ಎಂದಾಗಿತ್ತು. ಕೊನೆಯ ರಿಪೋರ್ಟು ಬಂದದ್ದು ಅವರು ಹೋದ ಮೇಲೆ. ಅದರಲ್ಲಿ ಎಪ್ಪತ್ತು ಎಂದಿತ್ತು. ಬಹಳ ಇಳಿದದ್ದು ಹೌದು, ಹತ್ತರ ಒಳಗೆ ಅಲ್ಲ. ಕ್ಲೆಮೆಂಟಿನಾ ಅದನ್ನು ಲಕೋಟೆಯಲ್ಲಿ ಹಾಕಿ ಮೂಡಬಿದಿರೆಯ ವಿಳಾಸಕ್ಕೆ ಕಳಿಸಿದಳು. ಉತ್ತರ ಬರಲಿಲ್ಲ. ಸೇಸಪ್ಪ ಸುವೈಕ್‌ನ ಕೆಲಸಕ್ಕೆ ಮರಳಲಿಲ್ಲ, ಅವನ ಸಾಮಾನುಗಳನ್ನು ನೊರ್ಬರ್ಟ್ ಹಡಗಿಗೆ ಹಾಕಿಸಿದ. ಹೊಲಿಗೆಯಂತ್ರ ಮಾತ್ರ ಬೇಡ ಎಂದು ಸೇಸಪ್ಪ ಬರೆದಿದ್ದನಂತೆ.

ಎಪ್ಪತ್ತು ಹತ್ತಕ್ಕೆ ಇಳಿಯಿತೋ ಇಲ್ಲವೋ ಗೊತ್ತಿಲ್ಲ. ಗಡ್ಡೆ ಹರಿದದ್ದು ಯಾವ ದಿನ ಎಂಬುದು ಯಾವ ರಕ್ತದಲ್ಲೂ ಕಾಣುವುದಿಲ್ಲ. ಅದು ಅಪ್ಪಿಗೂ ಗೊತ್ತಿಲ್ಲ, ಇದನ್ನು ಹೇಳಿದವರಿಗೂ ಗೊತ್ತಿಲ್ಲ.